ಮೀಟರ್ ಬದಲಾಯಿತು, ಕಿಲೋಮೀಟರ್ ಉಳಿಯಿತು

ನನ್ನ ಹಳೆ ಡೀಸೆಲ್ ಕಾರಿನ ಮೀಟರ್ ಆಗಾಗ ಕತ್ತಲಾಗುತ್ತಿತ್ತು, ಡ್ಯಾಶ್‌ಬೋರ್ಡ್ ಮೇಲೆ ಗುದ್ದಿದರೆ ಮತ್ತೆ ಜೀವ ಬರುತ್ತಿತ್ತು. ಹೊಸದರ ಬೆಲೆ ಕೇಳಿ ತಲೆ ತಿರುಗಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೇ ಪಾರ್ಟ್ ನಂಬರಿನ ಸೆಕೆಂಡ್ ಹ್ಯಾಂಡ್ ಕ್ಲಸ್ಟರ್ (ಇಡೀ ಮೀಟರ್ ಪೆಟ್ಟಿಗೆ) ಹುಡುಕಿ ತಂದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ಕ್ರೂ ತೆಗೆದು, ಕನೆಕ್ಟರ್ ಬದಲಿಸಿದರೆ ಮುಗಿಯಿತು. ಆದರೆ ಕೀ ತಿರುಗಿಸಿದರೆ, 1,12,000 ಕಿಲೋಮೀಟರ್ ಓಡಿದ ಗಾಡಿ 46,000 ತೋರಿಸುತ್ತಿದೆ!

‘ಬಿಡಿ ಸಾರ್, ಮಾರುವಾಗ ಒಳ್ಳೇದೇ’ ಎಂದ ಮೆಕ್ಯಾನಿಕ್. ಕೊಳ್ಳುವವರಿಗೆ ಟೋಪಿ ಹಾಕುವುದು ನನಗೆ ಬೇಕಿರಲಿಲ್ಲ. ಇಷ್ಟು ಕಿಲೋಮೀಟರಿಗೊಮ್ಮೆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸುವ ಲೆಕ್ಕವೂ ಕೆಡುತ್ತದೆ.

ಈ ಮಾಡೆಲ್‌ನಲ್ಲಿ ಓಡಿದ ಲೆಕ್ಕ ಇರುವುದು ಕ್ಲಸ್ಟರ್ ಬೋರ್ಡಿನ ಎಂಟು ಕಾಲಿನ ಪುಟ್ಟ ಇಇಪ್ರಾಮ್ ಚಿಪ್ಪಿನಲ್ಲಿ, ಅಂದರೆ ಕರೆಂಟ್ ಹೋದರೂ ಮರೆಯದ ಮೆಮೊರಿಯಲ್ಲಿ. ಮೀಟರ್ ರಿಪೇರಿಯವರು ಹಾಟ್ ಏರ್ ಗನ್ನಿನಿಂದ ನನ್ನ ಹಳೆ ಮೀಟರಿನ ಚಿಪ್ ಎಬ್ಬಿಸಿ, ಮೈಮೇಲಿನ ಚುಕ್ಕೆ ಅದೇ ದಿಕ್ಕಿಗೆ ಬರುವಂತೆ ತಂದ ಬೋರ್ಡಿಗೆ ಬೆಸುಗೆ ಹಾಕಿದರು. ಅಸಲಿ ಅಂಕಿ ಬಂತು. ಕೆಲವು ಕಾರುಗಳಲ್ಲಿ ಈ ಲೆಕ್ಕದ ಇನ್ನೊಂದು ಪ್ರತಿ ಬಿಸಿಎಂನಲ್ಲೂ (ದೀಪ, ಲಾಕ್ ಮುಂತಾದವನ್ನು ನೋಡಿಕೊಳ್ಳುವ ಕಂಪ್ಯೂಟರ್) ಇರುತ್ತದೆ, ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಕೂಡ ಕ್ಲಸ್ಟರಿನಲ್ಲೇ ಇರಬಹುದು. ಅಲ್ಲಿ ಚಿಪ್ ಮುಟ್ಟುವ ಮುನ್ನ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ ನೋಡಿ. ಎರಡೂ ರೀಡಿಂಗ್, ತಾರೀಕು, ಪಾರ್ಟ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ, ಫೋಟೋ ಸಮೇತ ಸರ್ವಿಸ್ ಬುಕ್ಕಿಗೆ ಅಂಟಿಸಿದ್ದೇನೆ.