ಐಸ್‌ಲ್ಯಾಂಡ್–ಲಿಥುವೇನಿಯಾ ಸಂಬಂಧದ ಟಿಪ್ಪಣಿ: ನನ್ನ ಅನುಭವ

ಎರಡು ಪುಟ್ಟ ದೇಶಗಳ ನಂಟಿನ ಚರಿತ್ರೆ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದು ಭಾಷಣಗಳು. ಅವುಗಳಲ್ಲಿ ಸ್ನೇಹ, ಸೌಹಾರ್ದ ಬಿಟ್ಟು ಬೇರೇನೂ ಇರುವುದಿಲ್ಲ. ಪದವಿ ತರಗತಿಗೆ ಐಸ್‌ಲ್ಯಾಂಡ್ ಮತ್ತು ಲಿಥುವೇನಿಯಾ ಬಗ್ಗೆ ಟಿಪ್ಪಣಿ ಮಾಡುವಾಗ ನಾನು ಅವನ್ನೆಲ್ಲ ಬದಿಗಿಟ್ಟು ತಾರೀಖುಗಳನ್ನು ಹಿಡಿದೆ.

ಉದ್ದನೆಯ ಹಾಳೆಯಲ್ಲಿ ಮೂರು ಕಲಂ ಎಳೆದೆ: ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್, ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್, ಮಾಸ್ಕೋ. 1990ರ ಮಾರ್ಚ್ 11ಕ್ಕೆ ಲಿಥುವೇನಿಯಾ ಸೋವಿಯತ್ ಒಕ್ಕೂಟದಿಂದ ಸ್ವಾತಂತ್ರ್ಯ ಘೋಷಿಸಿತು. 1991ರ ಜನವರಿ 13ರಂದು ವಿಲ್ನಿಯಸ್ಸಿನ ಟಿವಿ ಗೋಪುರದ ಬಳಿ ಸೋವಿಯತ್ ಟ್ಯಾಂಕುಗಳು ನಿರಾಯುಧ ಜನರ ಮೇಲೆ ನುಗ್ಗಿದವು. ಅದೇ ತಿಂಗಳು ಐಸ್‌ಲ್ಯಾಂಡಿನ ವಿದೇಶಾಂಗ ಸಚಿವ ಯೋನ್ ಬಾಲ್ಡ್ವಿನ್ ಹನ್ನಿಬಲ್ಸನ್ ಅಲ್ಲಿಗೆ ಹೋದರು. ಫೆಬ್ರವರಿ 11ಕ್ಕೆ ಐಸ್‌ಲ್ಯಾಂಡಿನ ಸಂಸತ್ತು ಲಿಥುವೇನಿಯಾದ ಮಾನ್ಯತೆಯ ಬಗ್ಗೆ ನಿರ್ಣಯ ಅಂಗೀಕರಿಸಿತು. ಮಾಸ್ಕೋ ರೇಕ್ಯಾವಿಕ್‌ನಿಂದ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು.

ನಾನು ಹೆಚ್ಚು ಹೊತ್ತು ಕಳೆದದ್ದು ಆ ನಿರ್ಣಯದ ಮೇಲೆ. ಹೊಸದಾಗಿ ಮಾನ್ಯತೆ ಕೊಡುವ ಮಾತೇ ಅದರಲ್ಲಿಲ್ಲ. 1922ರಲ್ಲಿ ಕೊಟ್ಟ ಮಾನ್ಯತೆ ಈಗಲೂ ಊರ್ಜಿತ, ಆದಷ್ಟು ಬೇಗ ರಾಜತಾಂತ್ರಿಕ ಸಂಬಂಧ ಏರ್ಪಡಬೇಕು ಎಂಬುದು ಅದರ ಸಾರ. 1922ರಲ್ಲಿ ಐಸ್‌ಲ್ಯಾಂಡಿನ ವಿದೇಶ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದದ್ದು ಡೆನ್ಮಾರ್ಕ್! ಆ ಹಳೆಯ ಕಾಗದವನ್ನೇ ಆಧಾರವಾಗಿಟ್ಟುಕೊಂಡು, 1940ರಲ್ಲಿ ಲಿಥುವೇನಿಯಾವನ್ನು ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಂಡದ್ದನ್ನು ತಾವು ಒಪ್ಪಿಯೇ ಇಲ್ಲ ಎಂದು ಐಸ್‌ಲ್ಯಾಂಡಿನವರು ನಿಂತರು. ಇದಕ್ಕಿಂತ ಗಟ್ಟಿಯಾದ ವಾದ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆಮೇಲೆ ನಾಲ್ಕನೆಯ ಕಲಂ ಸೇರಿಸಿದೆ: ಲಿಥುವೇನಿಯಾದ ಬೆನ್ನಿಗೆ ನಿಲ್ಲಲು ದೊಡ್ಡ ದೇಶಗಳು ಏಕೆ ಹಿಂಜರಿದವು? ಜರ್ಮನಿ ಒಂದಾಗಿ ನಾಲ್ಕೇ ತಿಂಗಳಾಗಿತ್ತು, ಕೊಲ್ಲಿ ಯುದ್ಧ ನಡೆಯುತ್ತಿತ್ತು. ಸೋವಿಯತ್ ನಾಯಕ ಗೋರ್ಬಚೇವ್ ಅಧಿಕಾರದಲ್ಲಿ ಉಳಿಯುವುದು ಎಲ್ಲರಿಗೂ ಬೇಕಿತ್ತು. ಹಾಗಂತ ಐಸ್‌ಲ್ಯಾಂಡಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ ಎಂದು ಬರೆಯುವುದು ಅನ್ಯಾಯ. ಎರಡೂವರೆ ಲಕ್ಷ ಜನರ, ಸೈನ್ಯವೇ ಇಲ್ಲದ ಆ ನಾಡು ದಶಕಗಳಿಂದ ಸೋವಿಯತ್ತಿಗೆ ಮೀನು ಮಾರಿ ಅಲ್ಲಿಂದ ತೈಲ ತರಿಸಿಕೊಳ್ಳುತ್ತಿತ್ತು. ವ್ಯಾಪಾರದ ಈ ಸಂಗತಿಯನ್ನು ನಾನು ಟಿಪ್ಪಣಿಯ ನಡುವೆಯೇ ಇಟ್ಟೆ, ಅಡಿಟಿಪ್ಪಣಿಗೆ ತಳ್ಳಲಿಲ್ಲ.

1991ರ ಆಗಸ್ಟ್‌ನಲ್ಲಿ ಗೋರ್ಬಚೇವ್ ವಿರುದ್ಧ ಮಾಸ್ಕೋದಲ್ಲಿ ನಡೆದ ದಂಗೆ ವಿಫಲವಾದ ಮೇಲೆ, ಅದೇ ತಿಂಗಳ 26ರಂದು ಮೂರೂ ಬಾಲ್ಟಿಕ್ ದೇಶಗಳ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ವಿದೇಶಾಂಗ ಸಚಿವರು ರೇಕ್ಯಾವಿಕ್‌ನ ಹೋಫ್ದಿ ಭವನದಲ್ಲಿ ಐಸ್‌ಲ್ಯಾಂಡಿನೊಂದಿಗೆ ರಾಜತಾಂತ್ರಿಕ ಸಂಬಂಧಕ್ಕೆ ಸಹಿ ಹಾಕಿದರು. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಗೋರ್ಬಚೇವ್ ಮಾತುಕತೆಗೆ ಕೂತಿದ್ದ ಮನೆ ಅದು. ಫೆಬ್ರವರಿಯ ನಿರ್ಣಯಕ್ಕೂ ಈ ಸಹಿಗೂ ನಡುವೆ ಆರು ತಿಂಗಳಿಗೂ ಮಿಕ್ಕಿದ ಅಂತರವಿದೆ. ಪರೀಕ್ಷೆಯಲ್ಲಿ ನಾನು ಕೇಳುವುದು ಆ ಅಂತರದ ಕಾರಣವನ್ನೇ.