ಬಾಲಕಿಯರ ಪಿಯು ಕಾಲೇಜು: ಮಗಳಿಗೆ ಸರಿಹೊಂದುವ ಕಾಂಬಿನೇಷನ್ ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಯಾವುದೇ ಬಾಲಕಿಯರ ಪದವಿಪೂರ್ವ ಕಾಲೇಜಿನ ಕಚೇರಿಯ ಮುಂದೆ ನಿಂತು ನೋಡಿದರೂ ಒಂದು ದೃಶ್ಯ ತಪ್ಪದೆ ಕಾಣಿಸುತ್ತದೆ. ಅರ್ಜಿಯಲ್ಲಿ ಹೆಸರು, ಜಾತಿ, ಆದಾಯ, ವಿಳಾಸ ಎಲ್ಲವೂ ತುಂಬಿರುತ್ತದೆ. ಐಚ್ಛಿಕ ವಿಷಯಗಳನ್ನು ಬರೆಯುವ ಸಾಲು ಮಾತ್ರ ಖಾಲಿ ಉಳಿದಿರುತ್ತದೆ. ಗುಮಾಸ್ತರು ‘ಯಾವ ಕಾಂಬಿನೇಷನ್ ಬರೀಲಿ?’ ಎಂದು ಕೇಳಿದಾಗ ತಂದೆ ಮಗಳ ಮುಖ ನೋಡುತ್ತಾರೆ, ಮಗಳು ಪಕ್ಕದಲ್ಲಿ ನಿಂತ ಗೆಳತಿಯ ಅರ್ಜಿಯನ್ನು ನೋಡುತ್ತಾಳೆ. ಮುಂದಿನ ಎರಡು ವರ್ಷ ಆ ಹುಡುಗಿ ಏನು ಓದುತ್ತಾಳೆ, ಆಮೇಲೆ ಯಾವ ಪದವಿಗೆ ಅರ್ಜಿ ಹಾಕಲು ಅರ್ಹಳಾಗುತ್ತಾಳೆ ಎಂಬುದು ಆ ಐದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ರಸಾಯನಶಾಸ್ತ್ರ ಪಾಠ ಹೇಳುತ್ತಾ ಇಂಥ ಎಷ್ಟೋ ಜೂನ್ ತಿಂಗಳುಗಳನ್ನು ಕಂಡ ನಾನು, ಈ ತೀರ್ಮಾನವನ್ನು ಮನೆಯಲ್ಲಿಯೇ, ಅರ್ಜಿ ತರುವ ಮುನ್ನವೇ, ಹಂತ ಹಂತವಾಗಿ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಚೌಕಟ್ಟು ತಿಳಿಯಿರಿ

ರಾಜ್ಯದ ಪಿಯುಸಿ ಪಠ್ಯಕ್ರಮದಲ್ಲಿ ವಿದ್ಯಾರ್ಥಿನಿ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದುತ್ತಾಳೆ. ಪ್ರತಿ ವಿಷಯಕ್ಕೆ 100ರಂತೆ ಒಟ್ಟು 600 ಅಂಕ. ಪ್ರಾಯೋಗಿಕ ಪರೀಕ್ಷೆಯಿರುವ ವಿಷಯಗಳಲ್ಲಿ ಬರವಣಿಗೆಗೆ 70, ಪ್ರಯೋಗಕ್ಕೆ 30. ಉಳಿದವುಗಳಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಯೋಗವೆಂದರೆ ವಿಜ್ಞಾನ ವಿಭಾಗ ಮಾತ್ರ ಎಂದು ಭಾವಿಸಬೇಡಿ. ಭೂಗೋಳ, ಮನಃಶಾಸ್ತ್ರ, ಗೃಹವಿಜ್ಞಾನಗಳಿಗೂ ಪ್ರಾಯೋಗಿಕ ಪರೀಕ್ಷೆ ಇದೆ. ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತಿದ್ದು, 2024ರಿಂದ ಪೂರಕ ಪರೀಕ್ಷೆಯ ಬದಲು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುವ ಕ್ರಮ ಬಂದಿದೆ.

ನಾಲ್ಕು ಐಚ್ಛಿಕಗಳ ಗುಂಪನ್ನೇ ಕಾಂಬಿನೇಷನ್ ಎನ್ನುವುದು. ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಕರೆಯುವುದರಿಂದ ಹಳ್ಳಿಯಿಂದ ಬಂದ ಪೋಷಕರಿಗೆ ಇದೊಂದು ಗುಪ್ತಭಾಷೆಯಂತೆ ಕೇಳಿಸುತ್ತದೆ. ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಕೊನೆಯ ಅಕ್ಷರ ‘ಸಿ’ ಆದರೆ ಜೀವಶಾಸ್ತ್ರದ ಜಾಗದಲ್ಲಿ ಗಣಕ ವಿಜ್ಞಾನ, ‘ಇ’ ಆದರೆ ಎಲೆಕ್ಟ್ರಾನಿಕ್ಸ್. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದು ಇತಿಹಾಸವಾದರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರವಾದರೆ ಎಸ್‌ಇಬಿಎ, ಗಣಕ ವಿಜ್ಞಾನವಾದರೆ ಸಿಇಬಿಎ. ಕಲಾ ವಿಭಾಗದ ಎಚ್‌ಇಪಿಎಸ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಿರುತ್ತವೆ. ಐಚ್ಛಿಕ ಕನ್ನಡ, ಶಿಕ್ಷಣ ಶಾಸ್ತ್ರ, ತರ್ಕಶಾಸ್ತ್ರ, ಸಂಗೀತ ಇತ್ಯಾದಿಗಳನ್ನು ಕೆಲವು ಕಾಲೇಜುಗಳು ಮಾತ್ರ ಕೊಡುತ್ತವೆ.

ಪದವಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಎರಡನೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು. ‘ಹತ್ತನೆಯ ತರಗತಿಯಲ್ಲಿ ಎಷ್ಟು ಬಂತು, ಅದಕ್ಕೆ ಯಾವ ವಿಭಾಗ ಸಿಗುತ್ತದೆ’ ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಅದರ ಬದಲು ಮಗಳನ್ನು ಕೂರಿಸಿಕೊಂಡು, ಮುಂದೆ ಓದಬಹುದು ಎಂದು ಅವಳಿಗೆ ಅನಿಸುವ ಎರಡು ಮೂರು ಪದವಿಗಳ ಹೆಸರನ್ನು ಒಂದು ಹಾಳೆಯ ಬಲಬದಿಯಲ್ಲಿ ಬರೆಸಿ. ಪ್ರತಿಯೊಂದಕ್ಕೂ ಪಿಯುಸಿಯಲ್ಲಿ ಯಾವ ವಿಷಯ ಓದಿರಲೇಬೇಕು ಎಂಬುದನ್ನು ಎಡಬದಿಯಲ್ಲಿ ಬರೆಯಿರಿ. ಎಡಬದಿಯಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು ಯಾವುವೋ ಅವೇ ಅವಳ ಕಾಂಬಿನೇಷನ್‌ನ ಬುನಾದಿ.

ಹೀಗೆ ಬರೆಯುವಾಗ ಹಲವು ತಪ್ಪು ಕಲ್ಪನೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಲು ಪಿಯುಸಿಯಲ್ಲಿ ಗಣಕ ವಿಜ್ಞಾನ ಇರಲೇಬೇಕೆಂಬ ನಿಯಮವಿಲ್ಲ. ಪಿಸಿಎಂಬಿ ಓದಿದವಳೂ ಆ ಸೀಟು ಪಡೆಯಬಹುದು. ವೈದ್ಯಕೀಯಕ್ಕೆ ನೀಟ್ ಬರೆಯಲು ಗಣಿತ ಕಡ್ಡಾಯವಲ್ಲ, ಆದರೆ ಗಣಿತವಿಲ್ಲದೆ ಜೀವಶಾಸ್ತ್ರವಿರುವ ಕಾಂಬಿನೇಷನ್ ಕೆಲವೇ ಕಾಲೇಜುಗಳಲ್ಲಿ ಸಿಗುತ್ತದೆ. ಬಿ.ಫಾರ್ಮಾಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಜೊತೆಗೆ ಗಣಿತವಿದ್ದರೂ ಸರಿ, ಜೀವಶಾಸ್ತ್ರವಿದ್ದರೂ ಸರಿ. ಲೆಕ್ಕಪರಿಶೋಧಕಿಯಾಗಬೇಕೆನ್ನುವವಳು ಸಿಎ ಫೌಂಡೇಷನ್ ಪರೀಕ್ಷೆಯನ್ನು ಯಾವ ವಿಭಾಗದಿಂದ ಬೇಕಾದರೂ ಬರೆಯಬಹುದಾದರೂ, ಅದರ ನಾಲ್ಕು ಪತ್ರಿಕೆಗಳು ಲೆಕ್ಕಶಾಸ್ತ್ರ, ವ್ಯವಹಾರ ಕಾನೂನು, ಅರ್ಥಶಾಸ್ತ್ರ ಹಾಗೂ ಗಣಿತ-ಸಂಖ್ಯಾಶಾಸ್ತ್ರ-ತಾರ್ಕಿಕತೆಯ ಸುತ್ತಲೇ ಇರುವುದರಿಂದ ಎಸ್‌ಇಬಿಎ ಓದಿದವಳಿಗೆ ದಾರಿ ಸಲೀಸು. ಐದು ವರ್ಷದ ಕಾನೂನು ಪದವಿಗೆ ಎಲ್ಲ ವಿಭಾಗದವರೂ ಅರ್ಹರು.

ಗಣಿತದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹತ್ತನೆಯ ತರಗತಿಯಲ್ಲಿ 70 ಅಂಕ ಬಂದ ಹುಡುಗನಿಗೆ ‘ಪರವಾಗಿಲ್ಲ, ಸುಧಾರಿಸ್ತಾನೆ’ ಎನ್ನುವ ಮನೆಗಳೇ, ಅಷ್ಟೇ ಅಂಕ ತಂದ ಹುಡುಗಿಗೆ ‘ನಿನಗ್ಯಾಕಮ್ಮ ಈ ಕಷ್ಟ’ ಎಂದು ಗಣಿತ ಬಿಡಿಸುವುದನ್ನು ನಾನು ನೋಡಿದ್ದೇನೆ. ಗಣಿತ ಬಿಟ್ಟರೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್‌ಗಳಷ್ಟೇ ಅಲ್ಲ, ಅನೇಕ ಕಡೆ ಸಂಖ್ಯಾಶಾಸ್ತ್ರದ ಪದವಿಯೂ ದೂರವಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್‌ಗೆ ಸೇರಲು ಸಹ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ಬಿಡುವುದಾದರೆ ಅದು ಅವಳ ಇಷ್ಟದಿಂದ ಆಗಲಿ, ಮನೆಯವರ ಅಂಜಿಕೆಯಿಂದ ಬೇಡ. ಹಾಗೆಯೇ ಕಲಾ ವಿಭಾಗವೆಂದರೆ ಬೇರೆಲ್ಲೂ ಸೀಟು ಸಿಗದವರ ಜಾಗ ಎಂಬ ಮಾತನ್ನು ದಯವಿಟ್ಟು ಹುಡುಗಿಯ ಮುಂದೆ ಆಡಬೇಡಿ.

ವಿಭಾಗಗಳ ಬಾಗಿಲು ತಟ್ಟಿ

ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಕಳಿಸಿ ಓದಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾಯಿತು. ಅದೇ ಮುಂದೆ ಕಾಲೇಜಾಗಿ ಬೆಳೆಯಿತು. ಇಂದಿಗೂ ತಾಲ್ಲೂಕು ಕೇಂದ್ರದ ಸರ್ಕಾರಿ ಬಾಲಕಿಯರ ಕಾಲೇಜನ್ನು ಅನೇಕ ಪೋಷಕರು ಆರಿಸುವುದು ಅಲ್ಲಿ ಹುಡುಗಿಯರು ಮಾತ್ರ ಇರುತ್ತಾರೆಂಬ ನೆಮ್ಮದಿಗಾಗಿ. ಆ ನೆಮ್ಮದಿ ನಿಜವಾದದ್ದೇ. ಆದರೆ ಕಾಲೇಜನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿ ಇರುವ ವಿಷಯಗಳಿಗೆ ಮಗಳನ್ನು ಹೊಂದಿಸುವುದು ತಿರುವುಮುರುವಾದ ಕೆಲಸ. ಆದ್ದರಿಂದ ಮೂರನೆಯ ಹಂತವಾಗಿ, ಅರ್ಜಿ ಕೊಡುವ ಮುನ್ನ ಒಂದು ದಿನ ಕಾಲೇಜಿಗೆ ಹೋಗಿ, ಪ್ರಾಂಶುಪಾಲರ ಅನುಮತಿ ಪಡೆದು, ಮಗಳ ಹಾಳೆಯಲ್ಲಿರುವ ವಿಷಯಗಳ ವಿಭಾಗಗಳನ್ನು ಕಣ್ಣಾರೆ ನೋಡಿ ಬನ್ನಿ.

ಪ್ರತಿ ಐಚ್ಛಿಕಕ್ಕೂ ಕಾಯಂ ಉಪನ್ಯಾಸಕರಿದ್ದಾರೆಯೇ, ಇಲ್ಲದಿದ್ದರೆ ಅತಿಥಿ ಉಪನ್ಯಾಸಕರು ಯಾವ ತಿಂಗಳಿನಿಂದ ಪಾಠ ಶುರು ಮಾಡುತ್ತಾರೆ, ಹಿಂದಿನ ವರ್ಷ ಆ ವಿಷಯದ ಪಾಠಗಳು ಯಾವಾಗ ಮುಗಿದವು ಎಂದು ಸಂಕೋಚವಿಲ್ಲದೆ ಕೇಳಿ. ದ್ವಿತೀಯ ಪಿಯುಸಿಯ ಇಬ್ಬರು ಹುಡುಗಿಯರನ್ನು ಮಾತಾಡಿಸಿದರೆ ಇನ್ನೂ ಸ್ಪಷ್ಟವಾದ ಉತ್ತರ ಸಿಗುತ್ತದೆ. ಅವರ ರೆಕಾರ್ಡ್ ಪುಸ್ತಕವನ್ನು ಕೇಳಿ ಪಡೆದು ತಿರುವಿ ಹಾಕಿ. ಪ್ರಯೋಗಗಳ ತಾರೀಕುಗಳು ಜುಲೈಯಿಂದ ಜನವರಿಯವರೆಗೆ ಹರಡಿಕೊಂಡಿದ್ದರೆ ಪ್ರಯೋಗಾಲಯ ನಡೆಯುತ್ತಿದೆ ಎಂದರ್ಥ. ಎಲ್ಲ ಪ್ರಯೋಗಗಳೂ ಒಂದೇ ವಾರದ ತಾರೀಕು ಹೊತ್ತಿದ್ದರೆ ಅದರ ಅರ್ಥವನ್ನು ನಾನು ಹೇಳಬೇಕಾಗಿಲ್ಲ.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬ್ಯುರೆಟ್‌ಗಳ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಿ. ಬ್ಯುರೆಟ್ ಎಂದರೆ ದ್ರಾವಣವನ್ನು ಅಳೆದು ಹನಿಸುವ, ನಲ್ಲಿಯುಳ್ಳ ಗಾಜಿನ ಕೊಳವೆ. ಸೋರುವ ನಲ್ಲಿಯಲ್ಲಿ ಅನುಮಾಪನ, ಅಂದರೆ ಹನಿ ಅಳೆದು ದ್ರಾವಣದ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ, ಮಾಡಲಾಗದು. ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಆಮ್ಲ ಬೆರೆಸಿದ ಮೋರ್ ಲವಣದ ದ್ರಾವಣಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿ ಹನಿಯಾಗಿ ಬಿಡುವಾಗ ನೇರಳೆ ಬಣ್ಣ ಬಿದ್ದಲ್ಲೇ ಮಾಯವಾಗುತ್ತಾ ಹೋಗುತ್ತದೆ. ಕೊನೆಗೊಂದು ಹನಿ ಬಿದ್ದಾಗ ತಿಳಿಗುಲಾಬಿ ಬಣ್ಣ ಹೋಗದೆ ನಿಂತುಬಿಡುತ್ತದೆ. ಆ ಒಂದು ಹನಿಯನ್ನು ಹಿಡಿಯುವುದು ಎಡಗೈ ಬೆರಳುಗಳಿಗೆ ಅಭ್ಯಾಸದಿಂದ ಬರುವ ವಿದ್ಯೆ. ಹುಡುಗರೂ ಹುಡುಗಿಯರೂ ಒಟ್ಟಿಗಿದ್ದ ತಂಡಗಳಲ್ಲಿ ಬ್ಯುರೆಟ್ ಹುಡುಗರ ಕೈಯಲ್ಲಿದ್ದು, ಹುಡುಗಿಯರು ಚೆಂದದ ಅಕ್ಷರದಲ್ಲಿ ಅಳತೆ ಬರೆದುಕೊಳ್ಳುತ್ತಿದ್ದುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಬಾಲಕಿಯರ ಕಾಲೇಜಿನಲ್ಲಿ ಬ್ಯುರೆಟ್ ಹಿಡಿಯುವವಳೂ ಅವಳೇ, ಪ್ರೊಜೆಕ್ಟರ್ ಜೋಡಿಸುವವಳೂ ಅವಳೇ. ನನ್ನ ಮಟ್ಟಿಗೆ ಇಂಥ ಕಾಲೇಜಿನ ದೊಡ್ಡ ಬಲ ಇದು, ಪ್ರಯೋಗಾಲಯ ನಡೆಯುತ್ತಿದ್ದರೆ ಮಾತ್ರ.

ಗೃಹವಿಜ್ಞಾನ ವಿಭಾಗ ಬಾಲಕಿಯರ ಕಾಲೇಜುಗಳಲ್ಲೇ ಹೆಚ್ಚಾಗಿ ಕಾಣಸಿಗುತ್ತದೆ. ಅಡುಗೆ ಕಲಿಸುವ ವಿಷಯವೆಂದು ಅದನ್ನು ತಳ್ಳಿಹಾಕುವವರೂ, ಹೆಣ್ಣುಮಗಳಿಗೆ ಇದೇ ಸಾಕೆಂದು ಸೇರಿಸುವವರೂ ಇಬ್ಬರೂ ಅದರ ಪಠ್ಯವನ್ನು ತೆರೆದು ನೋಡಿರುವುದಿಲ್ಲ. ಪೋಷಣೆ, ಮಗುವಿನ ಬೆಳವಣಿಗೆ, ಜವಳಿ ಅಲ್ಲಿನ ಪಾಠಗಳು. ಪೋಷಣಾ ವಿಜ್ಞಾನದಲ್ಲಿ ಆಸಕ್ತಿ ಇರುವವಳಿಗೆ ಅದು ಒಳ್ಳೆಯ ಆರಂಭ.

ಬಸ್ಸಿನ ವೇಳೆಯನ್ನೂ ನೋಡಿಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ; ಆದರೆ ಮಧ್ಯಾಹ್ನದ ಪ್ರಾಯೋಗಿಕ ತರಗತಿ ಮುಗಿಯುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೊರಟುಹೋಗುವಂತಿದ್ದರೆ, ಆ ತರಗತಿಗಳೂ ಹಾಜರಾತಿಯೂ ಒಂದೊಂದಾಗಿ ಕೈತಪ್ಪುತ್ತವೆ. ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು.

ಭಾಷೆ ಮತ್ತು ಅಂಕದ ಲೆಕ್ಕ

ಭಾಷೆಗಳಲ್ಲಿ ಬಹುತೇಕರು ಇಂಗ್ಲಿಷ್ ಜೊತೆ ಕನ್ನಡ, ಸಂಸ್ಕೃತ, ಹಿಂದಿ ಅಥವಾ ಉರ್ದು ತೆಗೆದುಕೊಳ್ಳುತ್ತಾರೆ. ಅಂಕ ಹೆಚ್ಚು ಬರುತ್ತದೆಂದು, ಹಿಂದೆಂದೂ ಓದಿರದ ಸಂಸ್ಕೃತಕ್ಕೆ ಸೇರುವವರು ಒಂದು ವಿಷಯ ಗಮನಿಸಬೇಕು: ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್‌ಗೆ ಭಾಷೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಪ್ರೀತಿಯಿಂದ ಸಂಸ್ಕೃತ ಓದುವುದಾದರೆ ಸಂತೋಷ. ಅಂಕಕ್ಕಾಗಿ ಕನ್ನಡ ಬಿಡುವುದು ನನಗೆ ಒಪ್ಪಿಗೆಯಾಗದ ಆಯ್ಕೆ.

ಆ ರ‍್ಯಾಂಕ್‌ಗೆ ಸಿಇಟಿಯ ಅರ್ಧ, ಪಿಯುಸಿಯ ಅರ್ಧ ಸೇರುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ಪಿಯುಸಿಯಲ್ಲಿ 300ಕ್ಕೆ 270 ಪಡೆದವಳಿಗೆ ಅದು ಶೇ 90. ಸಿಇಟಿಯಲ್ಲಿ 180ಕ್ಕೆ 90 ಬಂದರೆ ಶೇ 50. ಎರಡರ ಅರ್ಧ ಅರ್ಧ, ಅಂದರೆ 45 ಮತ್ತು 25, ಸೇರಿ 70. ಕೋಚಿಂಗ್ ಸಲುವಾಗಿ ಕಾಲೇಜಿನ ಪಾಠವನ್ನು ಕಡೆಗಣಿಸಿದವಳು 45 ಅಂಕಗಳ ಆ ಆಸರೆಯನ್ನೇ ಬಿಟ್ಟುಕೊಟ್ಟಂತೆ. ನೀಟ್ ಇದಕ್ಕಿಂತ ಬೇರೆ: ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಪೂರ್ತಿ 720 ಅಂಕದ ಆ ಒಂದೇ ಪರೀಕ್ಷೆಯದು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತದೆ.

ಸೇರಿದ ಮೇಲಿನ ಮೊದಲ ವಾರಗಳು

ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಹಳೆಯ ಶಾಲೆಯ ಮುಖ್ಯೋಪಾಧ್ಯಾಯರಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಹಾಕಿಸುವ ಕೆಲಸವನ್ನು ವರ್ಗಾವಣೆ ಪತ್ರ ತರಲು ಹೋದ ದಿನವೇ ಆರಂಭಿಸಿ.

ತರಗತಿಗಳು ಶುರುವಾಗಿ ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮಗಳ ಪುಸ್ತಕಗಳನ್ನು ಹರಡಿಕೊಂಡು, ಯಾವ ಪಾಠ ಅರ್ಥವಾಗುತ್ತಿದೆ, ಯಾವುದು ಬರೀ ನಕಲು ಬರಹವಾಗಿದೆ ಎಂದು ಅವಳ ಬಾಯಿಂದಲೇ ಕೇಳಿ. ಇಂಗ್ಲಿಷ್ ಮಾಧ್ಯಮಕ್ಕೆ ಹೊಸದಾಗಿ ಬಂದವಳಿಗೆ ಮೊದಲ ತಿಂಗಳು ಎಲ್ಲವೂ ಕಷ್ಟವೇ. ಅದನ್ನು ವಿಷಯದ ಕಷ್ಟವೆಂದು ತಪ್ಪು ತಿಳಿಯಬೇಡಿ. ವಿಷಯವೇ ಒಗ್ಗುತ್ತಿಲ್ಲವೆಂದು ಖಚಿತವಾದರೆ, ಕಾಂಬಿನೇಷನ್ ಬದಲಾವಣೆಗೆ ಕೊನೆಯ ದಿನ ಯಾವುದೆಂದು ಕಾಲೇಜು ಕಚೇರಿಯಲ್ಲಿ ವಿಚಾರಿಸಿ, ಅದಕ್ಕೆ ಮುಂಚೆ ಮಗಳೂ ಪೋಷಕರೂ ಸಹಿ ಮಾಡಿದ ಅರ್ಜಿಯನ್ನು ಪ್ರಾಂಶುಪಾಲರಿಗೆ ಕೊಟ್ಟು, ಸ್ವೀಕರಿಸಿದ ಮೊಹರು ಹಾಕಿದ ಒಂದು ಪ್ರತಿಯನ್ನು ಮನೆಗೆ ತನ್ನಿ.