ಸೊಂಟ ನೋವು, ಮಂಡಿ ನೋವು: ಮಾತ್ರೆಯಿಲ್ಲದೆ ದಿನ ನಡೆಸುವುದು ಹೇಗೆ?

ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಮೊದಲು ನೆನಪಾಗುವುದು ಸೊಂಟ. ಇವತ್ತು ಹೇಗಿದೆಯೋ ಎಂದು ಮೆಲ್ಲಗೆ ಮಗ್ಗುಲು ಬದಲಿಸಿ ನೋಡುತ್ತೇವೆ. ಚಳುಕು ಹೊಡೆದರೆ ಅವತ್ತಿನ ದಿನ ಅಲ್ಲಿಗೇ ಕೆಟ್ಟಿತು. ಬಹಳ ದಿನದಿಂದ ಬೆನ್ನು ನೋವೋ ಕೀಲು ನೋವೋ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಆರು ವರ್ಷ ಹೀಗೇ ಎದ್ದವಳು.

ಮೂರು ತಿಂಗಳು ದಾಟಿಯೂ ಹೋಗದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ಹತ್ತರಲ್ಲಿ ಒಂಬತ್ತು ಜನರಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸುವಂಥ ಕಾಯಿಲೆ ಯಾವುದೂ ಸಿಗುವುದಿಲ್ಲ. ಅದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆಂದೇ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮಸಾಜ್, ಮನಸ್ಸಿನ ಥೆರಪಿ ಇವೆಲ್ಲ ಅದರಲ್ಲಿ ಸಲಹೆಯಾಗಿ ಬಂದಿವೆ. ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಯಂತ್ರದ ಚಿಕಿತ್ಸೆ ಇವು ಹೆಚ್ಚಿನವರಿಗೆ ಬೇಡವೆಂದೇ ಹೇಳಿದೆ. ಬೆಲ್ಟ್ ಕಟ್ಟಿಕೊಂಡು ಮೂರು ವರ್ಷ ಓಡಾಡಿದ ನನಗೆ ಅದನ್ನು ಓದಿ ಬೇಜಾರಾಯಿತು. ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಈಗ ಗೊತ್ತಿರುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ವೈದ್ಯರಿಗೆ ತೋರಿಸಿ

ಕೆಲವು ನೋವುಗಳು ಮನೆಯಲ್ಲಿ ಸರಿಮಾಡಿಕೊಳ್ಳುವಂಥವಲ್ಲ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯ ಸುತ್ತ ಮರಗಟ್ಟಿದಂತಾದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ. ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ರಾತ್ರಿ ಮಲಗಿದರೂ ಕಡಿಮೆಯಾಗದಿದ್ದರೆ ಕೂಡಲೇ ತೋರಿಸಿ. ಒಂದು ಕೀಲು ದಿಢೀರನೆ ಕೆಂಪಗೆ, ಬಿಸಿಯಾಗಿ ಊದಿಕೊಂಡರೂ ಅಷ್ಟೇ.

ಇನ್ನೊಂದು ವಿಷಯ. ಸವೆತದ ಕೀಲು ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಒಂದು ಗಂಟೆ ದಾಟಿಯೂ ಬಿಗಿತ ಹೋಗದಿದ್ದರೆ, ಕೈಬೆರಳಿನ ಕೀಲುಗಳು ಊದಿದ್ದರೆ ಅದು ರುಮಟಾಯ್ಡ್‌ನಂಥ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಔಷಧಿ ಬೇಕೇ ಬೇಕು. ತಡಮಾಡಿದರೆ ಕೀಲು ಹಾಳಾಗುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಸುಮ್ನೆ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿಯೇ ಕಡಿಮೆ ಮಾಡಿ.

ಸ್ಕ್ಯಾನ್ ನೋಡಿ ಹೆದರಬೇಡಿ

ನನ್ನ ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆದಿದೆ, ಉಬ್ಬಿದೆ’ ಎಂದಿತ್ತು. ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಅದನ್ನು ಓದಿದ ದಿನದಿಂದ ಬಗ್ಗುವುದಕ್ಕೇ ಭಯ. ಒಳಗೆ ಏನೋ ಮುರಿದುಹೋಗಿದೆ ಅನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲೂ ಇವು ಧಾರಾಳವಾಗಿ ಕಾಣುತ್ತವೆ. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಯಾವ ನೋವೂ ಇಲ್ಲದ 20 ವರ್ಷದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಇತ್ತು. 80 ವರ್ಷದವರಲ್ಲಿ ಶೇ 96. ಕೂದಲು ನರೆತಂತೆ, ಮುಖ ಸುಕ್ಕುಗಟ್ಟಿದಂತೆ ಡಿಸ್ಕಿಗೂ ವಯಸ್ಸಾಗುತ್ತದೆ.

ನೋವು ನಿಜ. ಅದು ಮನಸ್ಸಿನ ಭ್ರಮೆಯಲ್ಲ. ಆದರೆ ಎಷ್ಟು ನೋವೋ ಅಷ್ಟು ಪೆಟ್ಟು ಎಂದು ತಿಳಿಯಬೇಕಾಗಿಲ್ಲ. ತಿಂಗಳುಗಟ್ಟಲೆ ನೋವು ಉಳಿದಾಗ ನರಮಂಡಲವೇ ಸೂಕ್ಷ್ಮವಾಗುತ್ತದೆ. ಹೊಗೆ ಬಂದರೆ ಕೂಗಬೇಕಾದ ಅಲಾರಂ ಒಗ್ಗರಣೆಗೂ ಕೂಗತೊಡಗಿದ ಹಾಗೆ. ಅಲಾರಂ ಕೂಗಿತು ಎಂದು ಪ್ರತಿಸಲ ಮನೆ ಬಿಟ್ಟು ಓಡಿದರೆ ಅದು ಸುಮ್ಮನಾಗುವುದಿಲ್ಲ. ಮೆಲ್ಲಗೆ, ಮತ್ತೆ ಮತ್ತೆ, ಭಯವಿಲ್ಲದೆ ಓಡಾಡಿದರೆ ಇಲ್ಲಿ ಅಪಾಯ ಇಲ್ಲ ಎಂದು ಮೈಗೆ ಮನವರಿಕೆಯಾಗುತ್ತದೆ.

ನಿಮ್ಮ ಅಳತೆ ಕಂಡುಕೊಳ್ಳಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದು. ಬಹಳ ಜನ ಸೋಲುವುದೂ ಇಲ್ಲೇ.

ನಾವು ಏನು ಮಾಡುತ್ತೇವೆ? ನೋವು ಕಡಿಮೆ ಇದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮಾಡಿ ಮುಗಿಸುತ್ತೇವೆ. ಬಟ್ಟೆ, ಬೀರು, ಕಪಾಟು, ಎಲ್ಲ ಒಂದೇ ದಿನ. ಮಾರನೇ ದಿನ ಏಳಲಾಗುವುದಿಲ್ಲ. ಮೂರು ದಿನ ಹಾಸಿಗೆ. ಮತ್ತೆ ಸ್ವಲ್ಪ ಹಗುರಾದ ಕೂಡಲೇ ಅದೇ ಓಟ. ವರ್ಷದ ಕೊನೆಗೆ ನೋಡಿದರೆ ಮೊದಲು ಮಾಡುತ್ತಿದ್ದುದರಲ್ಲಿ ಅರ್ಧವೂ ಮಾಡಲಾಗುತ್ತಿಲ್ಲ.

ಇದನ್ನು ಮುರಿಯಲು ಒಂದು ಲೆಕ್ಕ ಇದೆ. ಒಂದು ಕೆಲಸ ಆರಿಸಿಕೊಳ್ಳಿ, ನಡಿಗೆ ಎಂದಿಟ್ಟುಕೊಳ್ಳೋಣ. ಮೂರು ದಿನ ಗಡಿಯಾರ ನೋಡಿ ನಡೆಯಿರಿ. ನೋವು ಏರತೊಡಗಿದ ಕೂಡಲೇ ನಿಲ್ಲಿಸಿ, ಎಷ್ಟು ನಿಮಿಷವಾಯಿತು ಎಂದು ಬರೆದಿಡಿ. ಮೊದಲ ದಿನ 9 ನಿಮಿಷ, ಎರಡನೇ ದಿನ 12, ಮೂರನೇ ದಿನ 9 ಬಂತು ಅನ್ನಿ. ಸರಾಸರಿ 10. ಅದರಲ್ಲಿ ಐದರಲ್ಲೊಂದು ಭಾಗ ಕಳೆಯಿರಿ. ಉಳಿದ 8 ನಿಮಿಷ ನಿಮ್ಮ ಅಳತೆ.

ಇನ್ನು ಮುಂದೆ ದಿನವೂ 8 ನಿಮಿಷ. ನೋವು ಜಾಸ್ತಿ ಇದೆ ಎಂದು ಬಿಡುವಂತಿಲ್ಲ. ಅದಕ್ಕಿಂತ ಕಷ್ಟದ್ದು, ಮೈ ಹಗುರವಾಗಿದೆ ಎಂದು 20 ನಿಮಿಷ ನಡೆಯುವಂತೆಯೂ ಇಲ್ಲ. ಗಡಿಯಾರ ಹೇಳಿದಂತೆ ನಿಲ್ಲಿಸಬೇಕು, ನೋವು ಹೇಳಿದಂತೆ ಅಲ್ಲ. ಒಂದು ವಾರ ಸರಾಗವಾಗಿ ಹೋದರೆ ಒಂದು ನಿಮಿಷ ಸೇರಿಸಿ. ಕೂರುವುದು, ನಿಂತು ಅಡುಗೆ ಮಾಡುವುದು, ಕಂಪ್ಯೂಟರ್ ಕೆಲಸ, ಎಲ್ಲಕ್ಕೂ ಇದೇ ಲೆಕ್ಕ ಹಾಕಬಹುದು. 8 ನಿಮಿಷ ಎಂದರೆ ಏನೂ ಅಲ್ಲ ಅನಿಸುತ್ತದೆ. ನನಗೂ ಮೊದಲು ಅಳು ಬಂದಿತ್ತು. ಆದರೆ ಆರು ವರ್ಷದಲ್ಲಿ ಮುಂದಕ್ಕೆ ಹೋಗಿದ್ದು ಈ ಲೆಕ್ಕದಿಂದ ಮಾತ್ರ.

ಕುರ್ಚಿಯಿಂದ ಶುರುಮಾಡಿ

ಕೀಲಿನಲ್ಲಿ ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ರಕ್ತನಾಳ ಇಲ್ಲ. ಸ್ಪಂಜು ಒತ್ತಿದಾಗ ನೀರು ಹೊರಬಂದು, ಬಿಟ್ಟಾಗ ಮತ್ತೆ ಹೀರಿಕೊಳ್ಳುತ್ತದಲ್ಲ, ಹಾಗೆ ಓಡಾಟದಲ್ಲಿ ಒತ್ತಿ ಬಿಟ್ಟಾಗಲೇ ಅದಕ್ಕೆ ಪೋಷಣೆ. ಸವೆದಿದೆ ಎಂದು ಮಂಡಿಯನ್ನು ಅಲ್ಲಾಡಿಸದೆ ಕೂತರೆ ಅದು ಉಳಿಯುವುದಿಲ್ಲ, ಸುತ್ತಲಿನ ಸ್ನಾಯುವೂ ಸೊರಗುತ್ತದೆ.

ಕೈಯಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಅದರ ಮುಂದಿನ ಅಂಚಿಗೆ ಬಂದು ಕೂರಿ. ಪಾದಗಳನ್ನು ಭುಜದಷ್ಟು ಅಗಲ ಮಾಡಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಎದೆಯನ್ನು ಮುಂದಕ್ಕೆ ತನ್ನಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಗ ಹಿಂಭಾಗ ತಾನಾಗಿ ಹಗುರಾಗುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಮಂಡಿಗಳು ಒಳಕ್ಕೆ ಬಾಗದಿರಲಿ. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಆ ಇಳಿಯುವ ಮೂರು ಎಣಿಕೆಯಲ್ಲೂ ತೊಡೆಗೆ ಬಲ ಬರುತ್ತದೆ. ಮೊದಲು ಐದು ಸಲ ಸಾಕು. ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ.

ಎದ್ದು ಕೂರುವುದೇ ಕಷ್ಟ ಎನ್ನುವವರು ಅಂಗಾತ ಮಲಗಿ. ಒಂದು ಮಂಡಿ ಮಡಿಸಿ, ಇನ್ನೊಂದು ಕಾಲು ನೇರ. ನೇರ ಇರುವ ಕಾಲಿನ ತೊಡೆ ಬಿಗಿಮಾಡಿ, ಒಂದು ಅಡಿ ಎತ್ತಿ, ಐದು ಎಣಿಸಿ, ಮೆಲ್ಲಗೆ ಇಳಿಸಿ. ಬೆನ್ನಿಗೆ ಅಂಬೆಗಾಲಿನ ವ್ಯಾಯಾಮ ಒಳ್ಳೆಯದು. ಅಂಗೈ, ಮಂಡಿಗಳ ಮೇಲೆ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಿರಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು, ಅಷ್ಟು ಸ್ಥಿರವಾಗಿರಲಿ. ಮಂಡಿ ನೋಯುವವರು ಇದನ್ನು ಬಿಟ್ಟು, ಮಲಗಿ ಸೊಂಟ ಎತ್ತುವ ವ್ಯಾಯಾಮ ಮಾಡಬಹುದು. ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿ, ತಪ್ಪುಗಳನ್ನು ತಿದ್ದಿಸಿಕೊಳ್ಳಿ.

ಮಾಡುವಾಗ ನೋವಾದರೆ? ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಐದರೊಳಗೆ ಇದ್ದು, ಮಾರನೇ ದಿನದ ಹೊತ್ತಿಗೆ ಎಂದಿನಷ್ಟಕ್ಕೆ ಇಳಿದರೆ ತೊಂದರೆಯಿಲ್ಲ. ಇಳಿಯದಿದ್ದರೆ ಬಿಡಬೇಡಿ, ಸಲಗಳನ್ನು ಕಡಿಮೆ ಮಾಡಿ.

ಯೋಗ, ತಾಯ್ ಚೀ ಎಂಬ ಚೀನಾದ ನಿಧಾನ ವ್ಯಾಯಾಮ, ಈಜು, ಯಾವುದು ಮೇಲು ಎಂದು ಬಹಳ ಜನ ಕೇಳುತ್ತಾರೆ. ನೀವು ಆರು ತಿಂಗಳು ಬಿಡದೆ ಮಾಡುವಂಥದ್ದು ಯಾವುದೋ ಅದು.

ನಡಿಗೆ

ನಡಿಗೆ ಸಾಮಾನ್ಯದ್ದೇನಲ್ಲ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ನೆರವಿನಿಂದ ಮೆಲ್ಲಗೆ ಹೆಚ್ಚಿಸುತ್ತಾ ಹೋಗುವ ನಡಿಗೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಮುಟ್ಟುವುದು ಗುರಿ. ಇನ್ನೊಂದು ಗುಂಪಿಗೆ ಏನೂ ಇಲ್ಲ. ಏನೂ ಮಾಡದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರುಕಳಿಸಲು ಹಿಡಿದದ್ದು 112 ದಿನ. ನಡೆದವರಲ್ಲಿ 208.

ಮಂಡಿ ನೋವಿನವರು ಊರುಗೋಲು ಹಿಡಿಯಲು ನಾಚಬೇಡಿ. ಆದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ ಕೋಲು. ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ತೂಕ ಹೆಚ್ಚಿರುವವರು ಒಂದು ಲೆಕ್ಕ ನೆನಪಿಡಿ: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ದಿನದ ಸಣ್ಣ ಕೆಲಸಗಳು

ರಾತ್ರಿಯಿಡೀ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರ ಇರುವುದು ಅದರಿಂದಲೇ. ಹಾಗಾಗಿ ಎದ್ದ ಮೊದಲ ಒಂದು ಗಂಟೆ ಜಾಸ್ತಿ ಬಗ್ಗುವ, ಭಾರ ಎತ್ತುವ ಕೆಲಸ ಬೇಡ. ಹಾಸಿಗೆಯಿಂದ ನೇರ ಎದ್ದು ಕೂರಬೇಡಿ. ಮಂಡಿ ಮಡಿಸಿ, ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಅಂಚಿನಿಂದ ಇಳಿಬಿಡುತ್ತಾ ಕೈ ಊರಿ ಏಳಿ.

ಕೂರುವುದಕ್ಕೆ ಸರಿಯಾದ ಭಂಗಿ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಒಂದು ಗಂಟೆ ಅಲ್ಲಾಡದಿದ್ದರೆ ಕೆಟ್ಟದ್ದೇ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ, ಅಂಗಾತ ಮಲಗುವವರು ಮಂಡಿಯ ಕೆಳಗೆ ದಿಂಬು ಇಟ್ಟು ನೋಡಿ. ಬಿಗಿತಕ್ಕೆ 15–20 ನಿಮಿಷ ಬಿಸಿ ಶಾಖ ಹಿತ. ಊತ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್. ಸ್ಪರ್ಶ ಸರಿಯಾಗಿ ತಿಳಿಯದವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರು ಎರಡರಲ್ಲೂ ಎಚ್ಚರ.

ನಿದ್ದೆಗೆಟ್ಟರೆ ಮಾರನೇ ದಿನ ಅದೇ ನೋವು ಎರಡರಷ್ಟು ಅನಿಸುತ್ತದೆ. ಚಿಂತೆಗೂ ನೋವಿಗೂ ಹತ್ತಿರದ ನಂಟು. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಿ. ಹತ್ತು ನಿಮಿಷ ಸಾಕು. ಇದರಿಂದ ನೋವು ಮಾಯವಾಗುವುದಿಲ್ಲ. ಬಿಗಿಹಿಡಿದ ಮೈ ಸ್ವಲ್ಪ ಸಡಿಲವಾಗುತ್ತದೆ. ಮನಸ್ಸು ತೀರಾ ಕುಗ್ಗಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲೇ ದೀರ್ಘಕಾಲದ ಸೊಂಟ ನೋವಿಗೆ ಮೊದಲು ಔಷಧಿಯಿಲ್ಲದ ದಾರಿ ಹಿಡಿಯಿರಿ ಎಂದು ಹೇಳಿದಾಗ, ವ್ಯಾಯಾಮದ ಜೊತೆಗೆ ಧ್ಯಾನ ಮತ್ತು ಮನಸ್ಸಿನ ಥೆರಪಿಯನ್ನೂ ಸೇರಿಸಿತ್ತು.

ನೋವು ಕೆರಳಿದ ದಿನ

ಎಲ್ಲ ಸರಿಯಾಗಿ ಮಾಡಿದರೂ ಇಂಥ ದಿನ ಬರುತ್ತದೆ. ಅದಕ್ಕೆ ಮೊದಲೇ ಒಂದು ಚೀಟಿ ಬರೆದಿಟ್ಟುಕೊಳ್ಳಿ. ನೋವಿನಲ್ಲಿ ಯೋಚನೆ ಓಡುವುದಿಲ್ಲ. ನನ್ನ ಚೀಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಹೀಗಿದೆ: ‘ಹೊಸ ಲಕ್ಷಣ ಇದೆಯಾ? ಕಾಲು ಮರಗಟ್ಟಿದೆಯಾ, ಜ್ವರವಾ? ಇಲ್ಲ ಅಂದರೆ ಇದು ಹಳೇ ನೋವು. ಶಾಖ ಕೊಡು. ಮಲಗಿ ಕಾಲು ಕುರ್ಚಿಯ ಮೇಲಿಡು, ಹದಿನೈದು ನಿಮಿಷ. ಉಸಿರು. ಆಮೇಲೆ ಏಳು.’

ಆ ಕೊನೆಯ ‘ಏಳು’ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. 1986ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಸೊಂಟ ಹಿಡಿದವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಹಾಸಿಗೆ ವಿಶ್ರಾಂತಿ ಹೇಳಿ ನೋಡಿದ್ದರು. ಏಳು ದಿನದವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಎರಡು ದಿನದವರು ಕೆಲಸಕ್ಕೆ ಬೇಗ ಮರಳಿದರು.

ಕೆರಳಿದ ದಿನ ಅಳತೆಯನ್ನು ಅರ್ಧ ಮಾಡಿ, ಸೊನ್ನೆ ಮಾಡಬೇಡಿ. 8 ನಿಮಿಷ ನಡೆಯುವವರು 4 ನಿಮಿಷ, ಮನೆಯೊಳಗೇ ಆದರೂ ಸರಿ. ಕುರ್ಚಿಯಿಂದ ಐದು ಸಲ ಏಳುವವರು ಎರಡು ಸಲ. ನೋವು ಇಳಿಯುತ್ತಾ ಬಂದಂತೆ ಎರಡು ಮೂರು ದಿನದಲ್ಲಿ 6 ನಿಮಿಷ, ಆಮೇಲೆ ಮತ್ತೆ 8.